ಮೊದಲ ವರ್ಷದವರಿಗೆ ಕಾಲೇಜು ಎಷ್ಟು ಆಸರೆಯಾಗಿದೆ? ಒಂದು ಸೆಮಿಸ್ಟರ್‌ನಲ್ಲಿ ಅಳೆದು ನೋಡುವ ಕ್ರಮ

ದ್ವಿತೀಯ ಪಿಯುಸಿ ಫಲಿತಾಂಶದಲ್ಲಿ 2024ರಲ್ಲಿ ದಕ್ಷಿಣ ಕನ್ನಡ ಮೊದಲು, ಉಡುಪಿ ಎರಡನೆಯದು. 2025ರಲ್ಲಿ ಉಡುಪಿ ಮೊದಲು, ದಕ್ಷಿಣ ಕನ್ನಡ ಎರಡನೆಯದು. ಇದರಿಂದ ನಮ್ಮ ಕಡೆಯ ಪದವಿ ಕಾಲೇಜುಗಳಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಕೂತಿದೆ: ಬರುವ ಮಕ್ಕಳು ಹುಷಾರು, ದಾರಿ ಅವರೇ ಕಂಡುಕೊಳ್ಳುತ್ತಾರೆ. ಹೀಗೆ ನಂಬಿ ಕುಳಿತ ಕಾಲೇಜಿನಲ್ಲಿ ಮಳೆ ಬಿಡುವ ಹೊತ್ತಿಗೆ ತರಗತಿಯ ಹಿಂದಿನ ಸಾಲಿನಲ್ಲಿ ನಾಲ್ಕು ಜಾಗ ಖಾಲಿಯಾಗಿರುತ್ತದೆ. ಅಲ್ಲಿ ಕೂರುತ್ತಿದ್ದವರು ಯಾರು, ಏಕೆ ಬರುತ್ತಿಲ್ಲ ಎಂದು ಕೇಳಿದರೆ ಉತ್ತರ ಯಾರಲ್ಲೂ ಇರುವುದಿಲ್ಲ.

ಈ ಬರಹ ಐಕ್ಯುಎಸಿ (ಕಾಲೇಜಿನ ಆಂತರಿಕ ಗುಣಮಟ್ಟ ಭರವಸೆ ಕೋಶ) ಸಂಯೋಜಕರಿಗೆ, ಮೆಂಟರ್‌ಗಳಿಗೆ ಅಂದರೆ ಒಂದಷ್ಟು ವಿದ್ಯಾರ್ಥಿಗಳ ಯೋಗಕ್ಷೇಮ ನೋಡಿಕೊಳ್ಳುವ ಅಧ್ಯಾಪಕರಿಗೆ, ಮೊದಲ ವರ್ಷಕ್ಕೆ ಪಾಠ ಮಾಡುವವರಿಗೆ. ಮಂಗಳೂರು ವಿಶ್ವವಿದ್ಯಾನಿಲಯದ ಅಧೀನದ ಕಾಲೇಜಿಗಾಗಲಿ, ಸ್ವಾಯತ್ತ ಕಾಲೇಜಿಗಾಗಲಿ, ಡೀಮ್ಡ್ ವಿಶ್ವವಿದ್ಯಾನಿಲಯದ ಒಂದು ವಿಭಾಗಕ್ಕಾಗಲಿ ಕ್ರಮ ಒಂದೇ. ಏಳು ಜನ, ಒಂದು ಸೆಮಿಸ್ಟರ್, ಜೆರಾಕ್ಸ್ ಖರ್ಚು ಇಷ್ಟು ಸಾಕು.

ಮೊದಲೇ ಒಂದು ಮಾತು ಸ್ಪಷ್ಟವಾಗಲಿ. ಇಲ್ಲಿ ಪರೀಕ್ಷೆ ಬರೆಯುತ್ತಿರುವುದು ಕಾಲೇಜು, ವಿದ್ಯಾರ್ಥಿಯಲ್ಲ. ‘ಈಗಿನ ಮಕ್ಕಳಿಗೆ ಆಸಕ್ತಿಯೇ ಇಲ್ಲ’ ಎಂಬ ತೀರ್ಮಾನದಲ್ಲಿ ಮುಗಿಯುವ ಸಮೀಕ್ಷೆಗೆ ಕಾಗದ ಖರ್ಚು ಮಾಡುವುದೇ ಬೇಡ.

ಅಳೆಯುವುದು ಏನನ್ನು?

ತೊಡಗಿಕೊಳ್ಳುವಿಕೆ ಎಂದರೆ ಎರಡು ಸಂಗತಿ. ವಿದ್ಯಾರ್ಥಿ ಓದಿಗೆ ಮತ್ತು ಕಾಲೇಜಿನ ಬದುಕಿಗೆ ಕೊಡುವ ಸಮಯ, ಶ್ರಮ ಒಂದು. ಅದನ್ನು ಕೊಡಲು ಅವನಿಗೋ ಅವಳಿಗೋ ಅನುಕೂಲವಾಗುವಂತೆ ಕಾಲೇಜು ಮಾಡುವ ಏರ್ಪಾಡು ಇನ್ನೊಂದು. ನಮ್ಮ ಕೆಲಸ ಎರಡನೆಯದನ್ನು ಅಳೆಯುವುದು. ಮೊದಲನೆಯದು ಅದಕ್ಕೆ ಸಾಕ್ಷಿ ಮಾತ್ರ.

ಈ ವಿಚಾರಕ್ಕೆ ಐವತ್ತು ವರ್ಷಗಳ ಹಿನ್ನೆಲೆ ಇದೆ. ವಿದ್ಯಾರ್ಥಿ ಕಾಲೇಜು ಬಿಡುವುದು ಬುದ್ಧಿ ಸಾಲದೆ ಮಾತ್ರವಲ್ಲ, ಅಲ್ಲಿನ ಓದಿನ ಜೊತೆಗೂ ಜನರ ಜೊತೆಗೂ ಬೆಸುಗೆ ಕೂಡದೆ ಎಂದು ಅಮೆರಿಕದ ವಿನ್ಸೆಂಟ್ ಟಿಂಟೊ 1975ರಲ್ಲಿ ವಾದಿಸಿದರು. ಅಲೆಕ್ಸಾಂಡರ್ ಆಸ್ಟಿನ್ 1984ರಲ್ಲಿ ವಿದ್ಯಾರ್ಥಿ ಹಾಕುವ ಶಕ್ತಿ ಮತ್ತು ಸಮಯದ ಮೇಲೆ ಒತ್ತು ಕೊಟ್ಟರು. 2000ದಲ್ಲಿ ಆರಂಭವಾದ ಅಲ್ಲಿನ ರಾಷ್ಟ್ರಮಟ್ಟದ ತೊಡಗಿಕೊಳ್ಳುವಿಕೆ ಸಮೀಕ್ಷೆ ಮೊದಲ ವರ್ಷದವರನ್ನೂ ಕೊನೆಯ ವರ್ಷದವರನ್ನೂ ಪ್ರಶ್ನಿಸುತ್ತದೆ. ಅದರಿಂದ ನಾವು ಕಲಿಯಬೇಕಾದ್ದು ಒಂದೇ: ‘ನಿಮಗೆ ತೃಪ್ತಿ ಇದೆಯೇ’ ಎಂದು ಕೇಳುವುದಕ್ಕಿಂತ ‘ನೀವು ಏನು ಮಾಡಿದಿರಿ, ಎಷ್ಟು ಸಲ ಮಾಡಿದಿರಿ’ ಎಂದು ಕೇಳುವುದರಿಂದ ಹೆಚ್ಚು ತಿಳಿಯುತ್ತದೆ.

ಆದರೆ ಆ ಪ್ರಶ್ನೆಗಳನ್ನು ಹಾಗೆಯೇ ಇಳಿಸಿಕೊಳ್ಳಬೇಡಿ. ಕ್ಯಾಂಪಸ್‌ನಲ್ಲೇ ಉಳಿದು ಓದುವವರನ್ನು ಮನಸ್ಸಿನಲ್ಲಿಟ್ಟುಕೊಂಡ ಅಳತೆಗೋಲು ಕಾರ್ಕಳದಿಂದ ದಿನಾ ಉಡುಪಿಗೆ ಸರ್ವಿಸ್ ಬಸ್ಸಿನಲ್ಲಿ ಬಂದು ಹೋಗುವವರಿಗೆ ಹೊಂದುವುದಿಲ್ಲ. ‘ತರಗತಿ ಮುಗಿದ ಮೇಲೆ ಎಷ್ಟು ಹೊತ್ತು ಕಾಲೇಜಿನಲ್ಲಿ ಇರುತ್ತೀರಿ’ ಎಂಬ ಪ್ರಶ್ನೆಗೆ ಅವರ ಉತ್ತರ ಸೊನ್ನೆ. ಆಸಕ್ತಿ ಇಲ್ಲವೆಂದಲ್ಲ, ಬಸ್ ತಪ್ಪಿದರೆ ಮನೆ ಸೇರುವಾಗ ಕತ್ತಲಾಗುತ್ತದೆ ಎಂದು.

ತಂಡ

ಮೊದಲ ವರ್ಷಕ್ಕೆ ಪಾಠ ಮಾಡುವ ಇಬ್ಬರು ಅಧ್ಯಾಪಕರು, ಗ್ರಂಥಪಾಲಕರು, ಕಚೇರಿಯಲ್ಲಿ ವಿದ್ಯಾರ್ಥಿವೇತನ ನೋಡಿಕೊಳ್ಳುವ ಸಿಬ್ಬಂದಿ, ಎನ್‌ಎಸ್‌ಎಸ್ ಅಧಿಕಾರಿ ಅಥವಾ ದೈಹಿಕ ಶಿಕ್ಷಣ ನಿರ್ದೇಶಕರು, ಜೊತೆಗೆ ಎರಡನೇ ವರ್ಷದ ಇಬ್ಬರು ವಿದ್ಯಾರ್ಥಿಗಳು. ಕಚೇರಿಯವರನ್ನು ಬಿಡಬೇಡಿ. ಯಾರ ಫೀಸ್ ಕಂತು ಬಾಕಿ, ಯಾರ ತಾಯಿ ಎರಡು ಸಲ ಬಂದು ಹೋದರು ಎಂಬುದು ಗೊತ್ತಿರುವುದು ಅವರಿಗೆ. ಎರಡನೇ ವರ್ಷದವರನ್ನು ಆರಿಸುವಾಗ ವಿದ್ಯಾರ್ಥಿ ನಾಯಕರನ್ನೇ ಕರೆಯದೆ, ಕಳೆದ ವರ್ಷ ಒಂದೆರಡು ವಿಷಯ ಬಾಕಿ ಉಳಿಸಿಕೊಂಡು ಈಗ ಎದ್ದು ನಿಂತಿರುವ ಒಬ್ಬರನ್ನಾದರೂ ಸೇರಿಸಿ.

ಪಟ್ಟಿ: ಇದೊಂದು ಸರಿಯಾದರೆ ಅರ್ಧ ಕೆಲಸ ಮುಗಿಯಿತು

ಪ್ರವೇಶ ಅರ್ಜಿಗಳಿಂದ ಒಂದೇ ಶೀಟ್ ಮಾಡಿ, ಒಬ್ಬ ವಿದ್ಯಾರ್ಥಿಗೆ ಒಂದು ಸಾಲು. ಕಾಲಂಗಳು ಇವು: ಪಿಯುಸಿ ಓದಿದ ಮಾಧ್ಯಮ, ಪಿಯುಸಿಯ ವಿಭಾಗ ಮತ್ತು ಈಗಿನ ಕೋರ್ಸ್, ಪ್ರವೇಶ ಪಡೆದ ದಿನಾಂಕ, ಮನೆಯಿಂದ ಕಾಲೇಜಿಗೆ ಬರಲು ಹಿಡಿಯುವ ನಿಮಿಷ, ಹಾಸ್ಟೆಲ್, ಪಿಜಿ ಅಥವಾ ಮನೆ, ಮನೆಯಲ್ಲಿ ಪದವಿಗೆ ಬಂದವರಲ್ಲಿ ಇವರೇ ಮೊದಲೇ, ಸಂಪಾದನೆಯ ಕೆಲಸ ಇದೆಯೇ, ವಿದ್ಯಾರ್ಥಿವೇತನದ ಅರ್ಜಿ ಯಾವ ಹಂತದಲ್ಲಿದೆ.

ಇದರಲ್ಲಿ ಮೂರು ಕಾಲಂಗಳ ಬಗ್ಗೆ ಬಿಡಿಸಿ ಹೇಳಬೇಕು.

ದೂರವನ್ನು ಕಿಲೋಮೀಟರಿನಲ್ಲಿ ಬರೆಯಬೇಡಿ, ನಿಮಿಷದಲ್ಲಿ ಬರೆಯಿರಿ. ಮಂಗಳೂರಿನಿಂದ ವಿಶ್ವವಿದ್ಯಾನಿಲಯ ಇರುವ ಕೊಣಾಜೆಗೆ ಸುಮಾರು 20 ಕಿ.ಮೀ. ಆದರೆ ಮೂಲ್ಕಿ ಕಡೆಯಿಂದ ಬರುವವರು ಪೇಟೆಯಲ್ಲಿ ಇಳಿದು, ಇನ್ನೊಂದು ಬಸ್ ಹಿಡಿದು, ತೊಕ್ಕೊಟ್ಟಿನ ಟ್ರಾಫಿಕ್ ದಾಟಿ ಹೋಗಬೇಕು. ಎಷ್ಟು ಬಸ್ ಬದಲಿಸಬೇಕು ಎಂಬುದನ್ನೂ ಪಕ್ಕದಲ್ಲೇ ಬರೆದುಕೊಳ್ಳಿ. ಖರ್ಚಿನ ಲೆಕ್ಕವೂ ಇಲ್ಲಿಯೇ ಬರುತ್ತದೆ. 2023ರ ಜೂನ್ 11ರಿಂದ ಜಾರಿಯಾದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸುಗಳಿಗೆ ಮಾತ್ರ. ನಮ್ಮ ಕರಾವಳಿಯ ಎಷ್ಟೋ ದಾರಿಗಳಲ್ಲಿ ಓಡುವುದೆಲ್ಲ ಖಾಸಗಿ ಬಸ್. ಒಂದೇ ತರಗತಿಯ ಇಬ್ಬರು ಹುಡುಗಿಯರಲ್ಲಿ ಒಬ್ಬಳಿಗೆ ಪ್ರಯಾಣ ಉಚಿತ, ಇನ್ನೊಬ್ಬಳಿಗೆ ದಿನಾ ಖರ್ಚು. ತಿಂಗಳ ಕೊನೆಯ ವಾರದಲ್ಲಿ ಯಾರ ಹಾಜರಿ ಇಳಿಯುತ್ತದೆ ಎಂದು ನೋಡಿದರೆ ಇದು ಕಣ್ಣಿಗೆ ಕಟ್ಟುತ್ತದೆ.

ಪ್ರವೇಶದ ದಿನಾಂಕ ಯಾರೂ ನೋಡದ ಕಾಲಂ. ಎಂಜಿನಿಯರಿಂಗ್, ನರ್ಸಿಂಗ್, ಪ್ಯಾರಾಮೆಡಿಕಲ್ ಸೀಟುಗಳ ಕೌನ್ಸೆಲಿಂಗ್ ಮುಗಿದ ಮೇಲೆ ಬಿಎಸ್ಸಿಗೋ ಬಿಕಾಂಗೋ ತಡವಾಗಿ ಸೇರುವವರು ಪ್ರತಿ ವರ್ಷ ಇರುತ್ತಾರೆ. ಅಷ್ಟರಲ್ಲಿ ಸ್ವಾಗತ ಕಾರ್ಯಕ್ರಮ ಮುಗಿದಿರುತ್ತದೆ, ಮೆಂಟರ್ ಪಟ್ಟಿ ಹಂಚಿ ಆಗಿರುತ್ತದೆ, ತರಗತಿಯಲ್ಲಿ ಗುಂಪುಗಳು ಕಟ್ಟಿಕೊಂಡಿರುತ್ತವೆ. ಯುಜಿಸಿ 2019ರಲ್ಲಿ ಹೊರತಂದ ದೀಕ್ಷಾರಂಭ ಮಾರ್ಗಸೂಚಿಯ ಉದ್ದೇಶ ಹೊಸಬರು ಹೊಸ ಜಾಗಕ್ಕೆ ಒಗ್ಗಿಕೊಳ್ಳಲಿ, ಅಧ್ಯಾಪಕರ ಜೊತೆಗೂ ಗೆಳೆಯರ ಜೊತೆಗೂ ನಂಟು ಬೆಳೆಯಲಿ ಎಂದು. ಅದು ಸಭಾಂಗಣದಲ್ಲಿ ಒಂದು ದಿನದ ಭಾಷಣವಾಗಿ ಮುಗಿದರೆ, ತಡವಾಗಿ ಬಂದವರಿಗೆ ಆ ಭಾಷಣವೂ ಸಿಗುವುದಿಲ್ಲ. ಇವರನ್ನು ಪಟ್ಟಿಯಲ್ಲಿ ಬೇರೆ ಬಣ್ಣದಲ್ಲಿ ಗುರುತಿಸಿ.

ಇನ್ನು ಸಂಪಾದನೆ. ‘ಪಾರ್ಟ್ ಟೈಮ್ ಕೆಲಸ ಇದೆಯೇ’ ಎಂದು ಕೇಳಿದರೆ ಮದುವೆ ಸೀಸನ್ನಿನಲ್ಲಿ ಕ್ಯಾಟರಿಂಗಿಗೆ ಹೋಗುವ ಹುಡುಗ ‘ಇಲ್ಲ’ ಎನ್ನುತ್ತಾನೆ. ಅವನ ಪ್ರಕಾರ ಅದು ಕೆಲಸವಲ್ಲ, ‘ಕ್ಯಾಟರಿಂಗಿಗೆ ಹೋಗುವುದು’. ಆದ್ದರಿಂದ ಹೆಸರು ಹಿಡಿದೇ ಕೇಳಿ: ಕ್ಯಾಟರಿಂಗ್, ಡೆಲಿವರಿ, ಅಂಗಡಿ, ಮನೆಯಲ್ಲಿ ಬೀಡಿ ಕಟ್ಟಲು ನೆರವು, ತೋಟದ ಕೆಲಸ, ಯಕ್ಷಗಾನದ ವೇಷ. ವಾರಕ್ಕೆ ಎಷ್ಟು ರಾತ್ರಿ ಎಂದೂ ಕೇಳಿ.

ದಿನ ಎಣಿಸುವುದು ಕ್ಯಾಲೆಂಡರಿನಿಂದಲ್ಲ

ಹೊರದೇಶಗಳ ಕೈಪಿಡಿಗಳು ‘ಮೊದಲ ಆರು ವಾರ’ ಎನ್ನುತ್ತವೆ. ಇಲ್ಲಿ ಮಳೆ ಜೋರಾಗಿ ಜಿಲ್ಲಾಧಿಕಾರಿಗಳು ರಜೆ ಘೋಷಿಸಿದರೆ ಆರು ವಾರದಲ್ಲಿ ಎಷ್ಟು ತರಗತಿ ನಡೆದವು ಎಂದು ಹೇಳುವಂತಿಲ್ಲ. ತರಗತಿ ನಡೆದ ದಿನಗಳನ್ನು ಎಣಿಸಿ. 10ನೇ ತರಗತಿ ದಿನಕ್ಕೆ ಮೊದಲ ನೋಟ, 30ನೇ ದಿನಕ್ಕೆ ಪ್ರಶ್ನಾವಳಿ, ಮೊದಲ ಇಂಟರ್ನಲ್‌ನ ಅಂಕ ಕೈಗೆ ಕೊಟ್ಟು ಎರಡು ವಾರವಾದ ಮೇಲೆ ಗುಂಪು ಮಾತುಕತೆ, ಎರಡನೇ ಸೆಮಿಸ್ಟರಿನ 10ನೇ ದಿನಕ್ಕೆ ಕೊನೆಯ ಎಣಿಕೆ. ಇಂಟರ್ನಲ್ ಅಂಕ ಕೊಡುವ ಮೊದಲು ಪ್ರಶ್ನಾವಳಿ ಕೊಟ್ಟರೆ ಅಂಕದ ಭಯದಲ್ಲಿ ಎಲ್ಲರೂ ‘ಉತ್ತಮ’ ಎಂದು ಬರೆಯುವ ಅಪಾಯವಿದೆ. 30ನೇ ದಿನ ಹಾಗೆ ಸಿಕ್ಕಿಬೀಳುವುದಾದರೆ ಒಂದು ವಾರ ಮುಂದೂಡಿ.

ಚೌತಿ, ನವರಾತ್ರಿ, ದೀಪಾವಳಿಯ ಆಸುಪಾಸಿನ ವಾರಗಳ ಹಾಜರಿಯನ್ನು ಹೋಲಿಕೆಗೆ ಹಿಡಿಯಬೇಡಿ. ಊರಿನ ನೇಮ, ಮನೆಯ ತಂಬಿಲ ಇದ್ದ ದಿನ ಹುಡುಗ ಬರಲಿಲ್ಲ ಎಂದರೆ ಅದು ಕಾಲೇಜಿನ ಬಗ್ಗೆ ಏನನ್ನೂ ಹೇಳುವುದಿಲ್ಲ.

ನಡೆದು ನೋಡಿ

ಪ್ರಶ್ನಾವಳಿಗೆ ಮೊದಲು ತಂಡದ ಇಬ್ಬರು ಹೊಸ ವಿದ್ಯಾರ್ಥಿಯ ಕಣ್ಣಿನಿಂದ ಒಂದು ಇಡೀ ದಿನ ಕಾಲೇಜು ಸುತ್ತಬೇಕು. ಒಬ್ಬರು ಬಸ್ ನಿಲ್ದಾಣದಿಂದಲೇ ಶುರು ಮಾಡಲಿ. ಕೈಯಲ್ಲಿ ಗಡಿಯಾರ ಮತ್ತು ನೋಟ್‌ಬುಕ್ ಇರಲಿ. ನೋಡಬೇಕಾದ್ದು:

ಕಚೇರಿ ಕೌಂಟರ್ ತೆರೆದಿರುವ ಹೊತ್ತು ಮತ್ತು ತರಗತಿ ಇಲ್ಲದ ಹೊತ್ತು ಎಲ್ಲಿಯಾದರೂ ಕೂಡುತ್ತವೆಯೇ? ವಿದ್ಯಾರ್ಥಿಗಳ ಊಟದ ಬಿಡುವಿನಲ್ಲೇ ಕೌಂಟರೂ ಊಟಕ್ಕೆ ಮುಚ್ಚಿದರೆ, ಒಂದು ಬೋನಫೈಡ್ ಪತ್ರಕ್ಕೆ ಒಂದು ತರಗತಿ ತಪ್ಪಿಸಲೇಬೇಕು. ಬಹಳ ಕಡೆ ಇರುವ ದೋಷ ಇದು, ಸರಿಪಡಿಸಲು ಕಾಸೂ ಬೇಡ.

ಗ್ರಂಥಾಲಯದಿಂದ ಮೊದಲ ಪುಸ್ತಕ ಮನೆಗೆ ಒಯ್ಯಲು ಎಷ್ಟು ದಿನ ಬೇಕು? ಗುರುತಿನ ಚೀಟಿ ಮುದ್ರಣವಾಗಿ ಬರುವವರೆಗೆ ಪುಸ್ತಕ ಇಲ್ಲ ಎಂಬ ನಿಯಮವಿದ್ದರೆ, ಚೀಟಿ ಬಂದ ತಾರೀಕು ಬರೆದುಕೊಳ್ಳಿ. 40 ತರಗತಿ ದಿನ ಪುಸ್ತಕವಿಲ್ಲದೆ ಕಳೆದವರಿಗೆ ಆಮೇಲೆ ಗ್ರಂಥಾಲಯದ ಅಭ್ಯಾಸ ಹತ್ತಿಸುವುದು ಕಷ್ಟ.

ಸೂಚನೆಗಳು ಎಲ್ಲಿ ಬರುತ್ತವೆ? ಫಲಕದಲ್ಲೇ, ವಾಟ್ಸಾಪ್ ಗುಂಪಿನಲ್ಲೇ, ತರಗತಿ ಪ್ರತಿನಿಧಿಯ ಬಾಯಿಯಲ್ಲೇ? ಹಿಂದಿನ ತಿಂಗಳ ಮೂರು ಮುಖ್ಯ ಸೂಚನೆ ಆರಿಸಿ, ಎದುರಿಗೆ ಸಿಕ್ಕ 15 ಮಂದಿ ಹೊಸಬರಲ್ಲಿ ‘ಇದು ಗೊತ್ತಿತ್ತೇ, ಹೇಗೆ ಗೊತ್ತಾಯಿತು’ ಎಂದು ಕೇಳಿ. ತಡವಾಗಿ ಸೇರಿದವರು ವಾಟ್ಸಾಪ್ ಗುಂಪಿಗೆ ಸೇರದೆ ಉಳಿದಿರುತ್ತಾರೆ.

ಶೌಚಾಲಯ, ಕುಡಿಯುವ ನೀರು, ಮಳೆಯಲ್ಲಿ ಒದ್ದೆಯಾದ ಕೊಡೆ ಇಡುವ ಜಾಗ, ತರಗತಿ ಇಲ್ಲದ ಗಂಟೆಯಲ್ಲಿ ಕೂರುವ ಜಾಗ. ಕೊನೆಯದನ್ನು ಹಗುರವಾಗಿ ನೋಡಬೇಡಿ. ದಿನಾ ಬಂದು ಹೋಗುವವರಿಗೆ ಗೆಳೆತನ ಕೂಡುವುದು ಆ ಗಂಟೆಯಲ್ಲೇ.

ರ‍್ಯಾಗಿಂಗ್ ತಡೆ ಸಮಿತಿ, ಕುಂದುಕೊರತೆ ಸಮಿತಿ, ಆಂತರಿಕ ದೂರು ಸಮಿತಿ ಇವೆಲ್ಲ ನಿಯಮದಂತೆ ಇರಲೇಬೇಕು. ಇವುಗಳ ವಿಷಯದಲ್ಲಿ ಇವೆಯೇ ಎಂದು ಕೇಳಿದರೆ ಸಾಲದು. ರ‍್ಯಾಗಿಂಗ್ ಸಹಾಯವಾಣಿ 1800-180-5522 ಹೊಸಬರ ಕಣ್ಣಿಗೆ ಬೀಳುವ ಕಡೆ ಇದೆಯೇ, ಸಮಿತಿಯ ಒಬ್ಬ ಸದಸ್ಯರ ಹೆಸರಾದರೂ ಅವರಿಗೆ ಗೊತ್ತೇ ಎಂದು ನೋಡಿ.

ಪ್ರಶ್ನಾವಳಿ

20ರಿಂದ 24 ಪ್ರಶ್ನೆ, 10 ನಿಮಿಷ, ಕಾಗದದಲ್ಲಿ. ಒಂದು ಬದಿ ಕನ್ನಡ, ಇನ್ನೊಂದು ಬದಿ ಇಂಗ್ಲಿಷ್. ಕಾಸರಗೋಡಿನ ಕಡೆಯಿಂದಲೋ ಹೊರರಾಜ್ಯದಿಂದಲೋ ಬಂದವರಿಗೂ ತೊಡಕಾಗಬಾರದು. ಗೂಗಲ್ ಫಾರ್ಮ್ ಲಿಂಕನ್ನು ಗುಂಪಿಗೆ ಹಾಕಿ ಬಿಟ್ಟರೆ ತುಂಬುವವರು ಹೆಚ್ಚಾಗಿ ಹೇಗೂ ಚುರುಕಾಗಿರುವವರೇ. ನೀವು ಹುಡುಕುತ್ತಿರುವವರು ಅಲ್ಲಿ ಸಿಗುವುದಿಲ್ಲ. ಕಂಪ್ಯೂಟರ್ ಲ್ಯಾಬಿನಲ್ಲಿ ಸಾಲಾಗಿ ಕೂರಿಸಿ ತುಂಬಿಸುವುದೂ ಬೇಡ. ಪಕ್ಕದವರ ಪರದೆ ಕಾಣುತ್ತದೆ, ಹಿಂದೆ ಮೇಷ್ಟ್ರು ನಿಂತಿರುತ್ತಾರೆ.

ಪ್ರಶ್ನೆಯಲ್ಲಿ ಅವಧಿ ಇರಬೇಕು, ಎಣಿಸಬಹುದಾದ ಕೆಲಸ ಇರಬೇಕು. ‘ಅಧ್ಯಾಪಕರು ಸಹಕರಿಸುತ್ತಾರೆಯೇ’ ಎಂದರೆ ಎಲ್ಲರೂ ಹೌದು ಎನ್ನುತ್ತಾರೆ. ಗುರುಗಳ ಬಗ್ಗೆ ಇಲ್ಲ ಎಂದು ಬರೆಯಲು ನಮ್ಮ ಮಕ್ಕಳಿಗೆ ಕೈ ಬರುವುದಿಲ್ಲ. ಅದನ್ನೇ ಹೀಗೆ ಕೇಳಿ:

ಕಳೆದ ಎರಡು ವಾರಗಳಲ್ಲಿ ತರಗತಿಯ ಹೊರಗೆ ಯಾವುದಾದರೂ ಅಧ್ಯಾಪಕರ ಜೊತೆ ಪಾಠದ ಬಗ್ಗೆ ಎಷ್ಟು ಸಲ ಮಾತಾಡಿದ್ದೀರಿ? ಒಮ್ಮೆಯೂ ಇಲ್ಲ / 1 ಸಲ / 2–3 ಸಲ / ಹೆಚ್ಚು.

ತರಗತಿಯಲ್ಲಿ ಅರ್ಥವಾಗದೆ ಹೋದದ್ದನ್ನು ಕೊನೆಯ ಸಲ ಯಾರಲ್ಲಿ ಕೇಳಿದಿರಿ? ಅಧ್ಯಾಪಕರು / ಸಹಪಾಠಿ / ಸೀನಿಯರ್ / ಟ್ಯೂಷನ್ / ಯೂಟ್ಯೂಬ್ / ಯಾರಲ್ಲೂ ಕೇಳಲಿಲ್ಲ.

ನಿಮ್ಮ ಮೆಂಟರ್ ಯಾರು ಎಂದು ಗೊತ್ತಿದೆಯೇ? ಅವರು ನಿಮ್ಮನ್ನು ಹೆಸರು ಹಿಡಿದು ಕರೆಯುತ್ತಾರೆಯೇ?

ಕಳೆದ ಒಂದು ತಿಂಗಳಲ್ಲಿ ಬರೆದು ಕೊಟ್ಟ ಕೆಲಸವನ್ನು ತಿದ್ದಿ, ಎಲ್ಲಿ ತಪ್ಪಾಗಿದೆ ಎಂದು ಹೇಳಿ ಎಷ್ಟು ಸಲ ಮರಳಿ ಕೊಟ್ಟಿದ್ದಾರೆ?

ಇಂಗ್ಲಿಷಿನಲ್ಲಿ ಮಾಡಿದ ಪಾಠ ಸಾಮಾನ್ಯವಾಗಿ ಎಷ್ಟು ಅರ್ಥವಾಗುತ್ತದೆ? ಹೆಚ್ಚುಕಡಿಮೆ ಎಲ್ಲ / ಅರ್ಧಕ್ಕಿಂತ ಹೆಚ್ಚು / ಅರ್ಧಕ್ಕಿಂತ ಕಡಿಮೆ / ಬಹಳ ಕಡಿಮೆ.

ನೀವು ಎರಡು ದಿನ ಬಾರದಿದ್ದರೆ ಫೋನ್ ಮಾಡಿ ವಿಚಾರಿಸುವ ಸಹಪಾಠಿ ಇದ್ದಾರೆಯೇ?

ಕಾಲೇಜು ಬಿಡಬೇಕೆಂದು ಈ ಸೆಮಿಸ್ಟರಿನಲ್ಲಿ ಯೋಚಿಸಿದ್ದೀರಾ? ಹೌದಾದರೆ ಮುಖ್ಯ ಕಾರಣ ಯಾವುದು?

ಕೊನೆಯಲ್ಲಿ ಖಾಲಿ ಜಾಗ ಬಿಟ್ಟು ಒಂದೇ ತೆರೆದ ಪ್ರಶ್ನೆ: ‘ಸೇರಿದ ಮೊದಲ ದಿನವೇ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು ಎನ್ನಿಸುವ ವಿಷಯ ಯಾವುದು?’ ಮುಂದಿನ ವರ್ಷದ ಸ್ವಾಗತ ಕಾರ್ಯಕ್ರಮಕ್ಕೆ ಬೇಕಾದ ಸಾಮಗ್ರಿಯೆಲ್ಲ ಇಲ್ಲೇ ಸಿಗುತ್ತದೆ.

ಮುದ್ರಿಸುವ ಮೊದಲು 8–10 ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಕೂರಿಸಿ, ಪ್ರಶ್ನೆ ಓದಿ ತಮಗೆ ಏನು ಅರ್ಥವಾಯಿತು ಎಂದು ಗಟ್ಟಿಯಾಗಿ ಹೇಳಿಸಿ. ‘ಸಹಪಠ್ಯ ಚಟುವಟಿಕೆ’ ಎಂದರೆ ಕೆಲವರಿಗೆ ಸ್ಪೋರ್ಟ್ಸ್ ಮಾತ್ರ, ಕೆಲವರಿಗೆ ಟ್ಯಾಲೆಂಟ್ಸ್ ಡೇ ಮಾತ್ರ. ಅಂಥ ಪದಗಳನ್ನು ತೆಗೆದು ಕೆಲಸದ ಹೆಸರೇ ಬರೆಯಿರಿ.

ಹೆಸರು, ರೋಲ್ ನಂಬರ್ ಕೇಳಬೇಡಿ. ಹೆಸರಿಲ್ಲದ ಮಾತ್ರಕ್ಕೆ ಗುಟ್ಟು ಉಳಿಯುವುದೂ ಇಲ್ಲ: 35 ಜನರ ತರಗತಿಯಲ್ಲಿ ‘ಹುಡುಗಿ, ಹಾಸ್ಟೆಲ್, ಕನ್ನಡ ಮಾಧ್ಯಮ, ಬೈಂದೂರು’ ಎಂದರೆ ಅದು ಒಬ್ಬಳೇ. ಊರಿನ ಹೆಸರು ಬೇಡ, ಪ್ರಯಾಣದ ನಿಮಿಷ ಸಾಕು. 10ಕ್ಕಿಂತ ಕಡಿಮೆ ಜನರಿರುವ ಗುಂಪಿನ ಫಲಿತಾಂಶವನ್ನು ಎಲ್ಲೂ ಪ್ರತ್ಯೇಕವಾಗಿ ತೋರಿಸಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರು ಮಕ್ಕಳು, ಮೊದಲ ಸೆಮಿಸ್ಟರಿನಲ್ಲಿ ಅನೇಕರಿಗೆ 18 ತುಂಬಿರುವುದಿಲ್ಲ. ಬೇಡದ ಮಾಹಿತಿ ಸಂಗ್ರಹಿಸದಿರುವುದೇ ಸುರಕ್ಷಿತ.

ಎಷ್ಟು ಜನ ಬೇಕು? ಮೊದಲ ವರ್ಷದಲ್ಲಿ 300ಕ್ಕಿಂತ ಕಡಿಮೆ ಇದ್ದರೆ ಎಲ್ಲರಿಗೂ ಕೊಡಿ. 600 ಜನರಿದ್ದರೆ ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಆರಿಸಿದ 235, 1200 ಇದ್ದರೆ 292 ಉತ್ತರಗಳು ಸಿಕ್ಕರೆ, ಶೇಕಡಾ 95ರ ಭರವಸೆಯಲ್ಲಿ ಶೇಕಡಾ 5 ಅಂಶ ಆಚೀಚೆಯಾಗುವಷ್ಟು ನಿಖರತೆ ಬರುತ್ತದೆ. ಆದರೆ ಈ ಲೆಕ್ಕ ನಿಲ್ಲುವುದು ಆರಿಸಿದವರೆಲ್ಲ ಉತ್ತರಿಸಿದಾಗ. ಆ ದಿನ ತರಗತಿಯಲ್ಲಿ ಇದ್ದ 292 ಜನರನ್ನು ಹಿಡಿದರೆ ಸಂಖ್ಯೆ ಸರಿ, ಉತ್ತರ ತಪ್ಪು. ಬೆಂಬಲ ಸಿಗದವರೇ ಅಂದು ಗೈರು.

ಗೈರಾದವರನ್ನು ಹುಡುಕುವುದು

ಇಡೀ ಕೆಲಸದಲ್ಲಿ ಹೆಚ್ಚು ಸಮಯ ಕೊಡಬೇಕಾದ ಭಾಗ ಇದು, ಸಾಮಾನ್ಯವಾಗಿ ಕೈಬಿಡುವ ಭಾಗವೂ ಇದೇ.

30ನೇ ತರಗತಿ ದಿನದಂದು ಎರಡು ಪಟ್ಟಿ ತೆಗೆಯಿರಿ: ಹಾಜರಿ ಶೇಕಡಾ 50ಕ್ಕಿಂತ ಕಡಿಮೆ ಇರುವವರು, ಸತತ 8 ತರಗತಿ ದಿನ ಕಾಣದವರು. ಪರೀಕ್ಷೆಗೆ ಬೇಕಾದ ಶೇಕಡಾ 75ರ ಗಡಿಯನ್ನು ಇಲ್ಲಿ ಬಳಸಬೇಡಿ. ಅದಕ್ಕಿಂತ ಕೆಳಗೆ ಇಳಿದದ್ದು ಸೆಮಿಸ್ಟರ್ ಮುಗಿಯುವಾಗ ಗೊತ್ತಾಗುವುದು. ಆಗ ಉಳಿಯುವುದು ದಂಡ ಮತ್ತು ಪೋಷಕರ ಸಹಿ ಮಾತ್ರ. ಟಿಸಿ ಪಡೆದವರ ಪಟ್ಟಿಯನ್ನೂ ಕಚೇರಿಯಿಂದ ತರಿಸಿ.

ಫೋನ್ ಮಾಡುವವರು ಹಾಜರಿ ಹಾಕುವ ಅಧ್ಯಾಪಕರಾಗಬಾರದು. ಮಾತಿನ ಆರಂಭದಲ್ಲೇ ಎರಡು ವಿಷಯ ಹೇಳಿ: ಇದು ದೂರು ಹೇಳಲು ಮಾಡಿದ ಕರೆಯಲ್ಲ, ಮನೆಯವರಿಗೆ ಹೇಳುವುದಿಲ್ಲ. ಆ ಎರಡನೆಯ ಮಾತು ಕೊಟ್ಟ ಮೇಲೆ ಉಳಿಸಿಕೊಳ್ಳಬೇಕು. ಜೀವಕ್ಕೆ ಅಪಾಯವಿದೆ ಎನ್ನಿಸಿದರೆ ಮಾತ್ರ ಬೇರೆ. ಆಮೇಲೆ ‘ಯಾಕೆ ಬರುತ್ತಿಲ್ಲ’ ಎನ್ನುವ ಬದಲು ‘ಕಾಲೇಜಿಗೆ ಬಂದ ಕೊನೆಯ ದಿನ ಏನೇನಾಯಿತು, ಬೆಳಿಗ್ಗೆಯಿಂದ ಹೇಳಿ’ ಎನ್ನಿ. ತುಳು, ಬ್ಯಾರಿ, ಕೊಂಕಣಿ, ಕುಂದಾಪುರ ಕನ್ನಡ ಯಾವುದರಲ್ಲಿ ಅವರಿಗೆ ಹಗುರವೋ ಅದರಲ್ಲೇ ಮಾತಾಡಬಲ್ಲವರನ್ನು ಈ ಕೆಲಸಕ್ಕೆ ಹಾಕಿ. ‘ಯಾಕೆ ಬರುತ್ತಿಲ್ಲ’ ಎಂದು ತುಳುವಿನಲ್ಲೇ ಕೇಳಿದರೂ ಗದರಿಕೆ ಗದರಿಕೆಯೇ. ಭಾಷೆಯ ಜೊತೆಗೆ ದನಿಯೂ ಮೃದುವಾಗಿರಲಿ. ಮಾತಿನ ನಡುವೆ ವಿದ್ಯಾರ್ಥಿ ತೀರ ಕುಗ್ಗಿದ್ದಾರೆ ಅನ್ನಿಸಿದರೆ ಪ್ರಶ್ನೆಗಳನ್ನು ಅಲ್ಲಿಗೇ ಬಿಡಿ, ಕಾಲೇಜಿನ ಆಪ್ತ ಸಮಾಲೋಚಕರಿಗೆ ಅಂದೇ ತಿಳಿಸಿ, ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮನಸ್‌ನ ಸಂಖ್ಯೆ 14416 ಕೊಡಿ.

ಕಾರಣಗಳನ್ನು ಹೀಗೆ ವಿಂಗಡಿಸಿ: ಬೇರೆ ಕೋರ್ಸಿನಲ್ಲಿ ಸೀಟು ಸಿಕ್ಕಿ ಹೋದವರು, ಹಣ, ಪ್ರಯಾಣ, ಇಂಗ್ಲಿಷ್ ಮಾಧ್ಯಮ, ಕೋರ್ಸ್ ಹೊಂದಲಿಲ್ಲ, ಆರೋಗ್ಯ, ಮನೆಯ ಜವಾಬ್ದಾರಿ, ಕೆಲಸ, ಕಾಲೇಜಿನಲ್ಲಿ ಒಂಟಿತನ ಅಥವಾ ಕಿರುಕುಳ. ಮೊದಲನೆಯದು ಕಾಲೇಜಿನ ಸೋಲಲ್ಲ, ಅದನ್ನು ಲೆಕ್ಕದಿಂದ ಹೊರಗಿಡಿ. ಉಳಿದವುಗಳಲ್ಲಿ ಒಬ್ಬರಿಗೆ ಎರಡು ಕಾರಣದವರೆಗೆ ಗುರುತು ಹಾಕಿ. ಹಣ ಎಂದವರ ವಿದ್ಯಾರ್ಥಿವೇತನದ ಅರ್ಜಿಯನ್ನು ಆ ದಿನವೇ ತೆಗೆದು ನೋಡಿ. ಆಧಾರ್ ಬ್ಯಾಂಕ್ ಖಾತೆಗೆ ಜೋಡಣೆಯಾಗದೆ, ಜಾತಿ–ಆದಾಯ ಪ್ರಮಾಣಪತ್ರದ ಹೆಸರಿಗೂ ಅಂಕಪಟ್ಟಿಯ ಹೆಸರಿಗೂ ಒಂದಕ್ಷರ ವ್ಯತ್ಯಾಸವಾಗಿ ನಿಂತ ಅರ್ಜಿಗಳು ಅಲ್ಲಿ ಸಿಗುತ್ತವೆ. ಸಮೀಕ್ಷೆ ಮುಗಿಯುವವರೆಗೆ ಅದನ್ನು ಹಾಗೇ ಇಡುವುದು ಅನ್ಯಾಯ.

ಗುಂಪು ಮಾತುಕತೆ

6–8 ಜನ, 50 ನಿಮಿಷ, ತರಗತಿಯ ಅವಧಿಯಲ್ಲೇ, ಹಾಜರಿ ಕೊಟ್ಟು. ಸಂಜೆ ಇಟ್ಟರೆ ದೂರದವರು ಬರಲಾರರು. ಕನಿಷ್ಠ ನಾಲ್ಕು ಗುಂಪು: ಕನ್ನಡ ಮಾಧ್ಯಮದಿಂದ ಬಂದವರು, ಒಂದು ದಾರಿಗೆ 75 ನಿಮಿಷಕ್ಕಿಂತ ಹೆಚ್ಚು ಪ್ರಯಾಣ ಮಾಡುವವರು, ಹಾಸ್ಟೆಲ್–ಪಿಜಿಯವರು, ತಡವಾಗಿ ಸೇರಿದವರು. ಎಲ್ಲರನ್ನೂ ಬೆರೆಸಿದರೆ ಇಂಗ್ಲಿಷ್ ಚೆನ್ನಾಗಿ ಬರುವ ಇಬ್ಬರು ಮಾತಾಡುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ. ನಡೆಸುವವರು ಬೇರೆ ವಿಭಾಗದವರಿರಲಿ. ರೆಕಾರ್ಡ್ ಮಾಡಬೇಡಿ, ಒಬ್ಬರು ಬರೆದುಕೊಳ್ಳಲಿ. ಪ್ರಶ್ನಾವಳಿಯಲ್ಲಿ ‘ಏನು’ ಎಂದು ತಿಳಿದದ್ದಕ್ಕೆ ಇಲ್ಲಿ ‘ಏಕೆ’ ಎಂದು ಕೇಳುವುದಷ್ಟೇ. ಮೂರು ಪ್ರಶ್ನೆಗಿಂತ ಹೆಚ್ಚು ಬೇಡ.

ಲೆಕ್ಕ ಹಾಕುವುದು

ಸರಾಸರಿಯೇ ಇಲ್ಲಿ ದೊಡ್ಡ ಮೋಸ. ಪ್ರತಿಯೊಂದು ಏರ್ಪಾಡಿಗೂ ನಾಲ್ಕು ಪ್ರಶ್ನೆ ಹಾಕಿ: ಅದು ಇದೆಯೇ? ಬೇಕಾದವರಿಗೆ ಗೊತ್ತಿದೆಯೇ? ಅವರು ಬಳಸಿದರೇ? ಬಳಸಿದ್ದರಿಂದ ಏನಾದರೂ ಬದಲಾಯಿತೇ? ಒಂದೊಂದು ಹೌದಿಗೆ ಒಂದು ಅಂಕ, ಒಟ್ಟು 4. ಎರಡನೆಯ ಪ್ರಶ್ನೆಗೆ ಹೌದು ಎನ್ನಬೇಕಾದರೆ ಬೇಕಾದವರಲ್ಲಿ ಮುಕ್ಕಾಲು ಪಾಲಿಗೆ ಗೊತ್ತಿರಬೇಕು, ಮೂರನೆಯದಕ್ಕೆ ಅರ್ಧಕ್ಕಿಂತ ಹೆಚ್ಚು ಜನ ಬಳಸಿರಬೇಕು ಎಂಬಂತೆ ಗಡಿಯನ್ನು ಫಲಿತಾಂಶ ನೋಡುವ ಮೊದಲೇ ಬರೆದಿಡಿ. ಆಮೇಲೆ ಗಡಿ ಹಾಕಿದರೆ ಅದು ಫಲಿತಾಂಶಕ್ಕೆ ತಕ್ಕಂತೆ ಬಾಗುತ್ತದೆ.

ಒಂದು ಊಹೆಯ ಉದಾಹರಣೆ ನೋಡಿ. ಮೊದಲ ವರ್ಷದಲ್ಲಿ 240 ಜನ, ಅವರಲ್ಲಿ ಕನ್ನಡ ಮಾಧ್ಯಮದಿಂದ ಬಂದವರು 90. ಕನ್ನಡ ಮಾಧ್ಯಮದವರಿಗೆ ಇಂಗ್ಲಿಷ್ ಪಾಠ ಹಿಡಿಸಲು ನಡೆಸುವ ಬ್ರಿಡ್ಜ್ ಕೋರ್ಸಿಗೆ 60 ಜನ ಬಂದರು. ವರದಿಯಲ್ಲಿ ‘60 ಫಲಾನುಭವಿಗಳು’ ಎಂದು ಫೋಟೊ ಸಮೇತ ಬರುತ್ತದೆ. ಬಿಡಿಸಿ ನೋಡಿದರೆ ಆ 60ರಲ್ಲಿ ಕನ್ನಡ ಮಾಧ್ಯಮದವರು 24. ಅಂದರೆ 90ರಲ್ಲಿ 24, ಶೇಕಡಾ 27. ಉಳಿದ 150ರಲ್ಲಿ ಬಂದವರು 36, ಶೇಕಡಾ 24. ಕೋರ್ಸು ಯಾರಿಗಾಗಿ ಇತ್ತೋ ಅವರನ್ನು ಬೇರೆಯವರಿಗಿಂತ ಹೆಚ್ಚಾಗಿ ಏನೂ ಮುಟ್ಟಿಲ್ಲ; ಬೇಕಾಗಿದ್ದ 66 ಜನ ಹೊರಗೇ ಉಳಿದರು. ಏಕೆ ಎಂದು ಗುಂಪು ಮಾತುಕತೆಯ ಟಿಪ್ಪಣಿಯಲ್ಲಿ ಹುಡುಕಿದರೆ ಸಂಜೆ ನಾಲ್ಕರ ಸಮಯ ಎಂದೋ, ‘ಅಲ್ಲಿ ಹೋದರೆ ದಡ್ಡರು ಅಂತಾರೆ’ ಎಂದೋ ಸಿಗುತ್ತದೆ. ಮೊದಲನೆಯದಕ್ಕೆ ವೇಳಾಪಟ್ಟಿ ಬದಲಿಸಬೇಕು. ಎರಡನೆಯದಕ್ಕೆ ಬ್ರಿಡ್ಜ್ ಕೋರ್ಸನ್ನು ಎಲ್ಲರ ತರಗತಿಯೊಳಗೇ ತಂದು, ಪಾರಿಭಾಷಿಕ ಪದಗಳಿಗೆ ಕನ್ನಡ ವಿವರಣೆ ಕೊಡುವ ರೀತಿಯಲ್ಲಿ ಮರುಕಟ್ಟಬೇಕು.

ಮೆಂಟರ್ ವ್ಯವಸ್ಥೆಗೂ ಇದೇ ಲೆಕ್ಕ. ಮೆಂಟರ್ ಡೈರಿಯಲ್ಲಿ ಸಹಿ ಎಷ್ಟಿದೆ ಎಂಬುದನ್ನು ಸಾಕ್ಷಿಯಾಗಿ ಹಿಡಿಯಬೇಡಿ. ಒಂದೇ ದಿನ 25 ಸಹಿ ಒಂದೇ ಪೆನ್ನಿನಲ್ಲಿ ಬಿದ್ದಿರುವುದು ಅಪರೂಪವಲ್ಲ. ಡೈರಿಯಲ್ಲಿ ಬರೆದ ಯಾವುದಾದರೂ ಸಮಸ್ಯೆ ಮೆಂಟರ್‌ನಿಂದ ಮುಂದಿನವರಿಗೆ ಹೋಗಿ ಬಗೆಹರಿದ ಉದಾಹರಣೆ ಎಷ್ಟು ಎಂದು ಎಣಿಸಿ. ಒಬ್ಬರಿಗೆ 20–25ಕ್ಕಿಂತ ಹೆಚ್ಚು ವಿದ್ಯಾರ್ಥಿಗಳನ್ನು ಕೊಟ್ಟು, ಅದಕ್ಕೆ ವೇಳಾಪಟ್ಟಿಯಲ್ಲಿ ಗಂಟೆಯನ್ನೂ ಕೊಡದಿದ್ದರೆ ತಪ್ಪು ಮೆಂಟರ್‌ನದಲ್ಲ ಎಂದೂ ವರದಿಯಲ್ಲಿ ಬರೆಯಬೇಕು. ಅಧ್ಯಾಪಕರನ್ನು ಹೆಸರು ಹಿಡಿದು ಹೋಲಿಸುವ ಪಟ್ಟಿ ಮಾಡಿದರೆ ಮುಂದಿನ ವರ್ಷದ ಸಮೀಕ್ಷೆಗೆ ಯಾರೂ ಬಾಗಿಲು ತೆರೆಯುವುದಿಲ್ಲ.

ಕಾಲೇಜುಗಳಿಗೆ ಮಾನ್ಯತೆಯ ಶ್ರೇಣಿ ಕೊಡುವ ನ್ಯಾಕ್‌ಗೆ ಬೇಕಾದ ಕಡತ ಇದರಿಂದ ತಾನಾಗಿ ಸಿಗುತ್ತದೆ. ಆದರೆ ಕಡತಕ್ಕೆಂದೇ ಆರಂಭಿಸಿದರೆ ‘ಇದೆಯೇ’ ಎಂಬ ಮೊದಲ ಪ್ರಶ್ನೆಗೆ ಉತ್ತರ ಬರೆದು ಅಲ್ಲೇ ನಿಲ್ಲುತ್ತೀರಿ.

ಉತ್ತರ ಕೊಟ್ಟವರಿಗೆ ಉತ್ತರ

ಪ್ರಾಂಶುಪಾಲರಿಗೆ ನಾಲ್ಕು ಪುಟ, ವಿದ್ಯಾರ್ಥಿಗಳಿಗೆ ಒಂದು ಪುಟ. ಆ ಒಂದು ಪುಟ ಕನ್ನಡದಲ್ಲಿ, ಫಲಕದಲ್ಲೂ ತರಗತಿ ಗುಂಪಿನಲ್ಲೂ, ಪ್ರಶ್ನಾವಳಿ ತುಂಬಿಸಿಕೊಂಡ 20 ತರಗತಿ ದಿನದೊಳಗೆ ಬರಬೇಕು. ಎಡಗಡೆ ‘ನೀವು ಹೇಳಿದ್ದು’, ಬಲಗಡೆ ‘ನಾವು ಮಾಡುತ್ತಿರುವುದು, ಯಾವ ದಿನದೊಳಗೆ’. ಆಗದ್ದನ್ನು ಆಗದು ಎಂದೇ ಬರೆದು ಕಾರಣ ಹೇಳಿ. ಬಸ್ಸಿನ ಸಮಯ ಕಾಲೇಜಿನ ಕೈಯಲ್ಲಿಲ್ಲ, ಕೊನೆಯ ತರಗತಿಯ ಸಮಯ ಇದೆ.

ಮೊದಲ ಸುತ್ತಿಗೆ ಮೂರೇ ತಿದ್ದುಪಡಿ ಆರಿಸಿ: ಹಣ ಬೇಡದ್ದು ಒಂದು, ವೇಳಾಪಟ್ಟಿಗೆ ಸಂಬಂಧಿಸಿದ್ದು ಒಂದು, ಗೈರಾದವರ ಪಟ್ಟಿಯಿಂದ ಒಂದು. ಕೌಂಟರ್ ಮಧ್ಯಾಹ್ನ ತೆರೆದಿಡುವುದು, ತಡವಾಗಿ ಸೇರಿದವರಿಗೆ ಎರಡು ಗಂಟೆಯ ಎರಡನೇ ಸ್ವಾಗತ, ಸತತ 4 ದಿನ ಕಾಣದವರಿಗೆ 5ನೇ ದಿನ ಮೆಂಟರ್‌ನ ಕರೆ ಇಂಥವು. ಪ್ರತಿಯೊಂದಕ್ಕೂ ಒಬ್ಬರ ಹೆಸರು ಮತ್ತು ತಾರೀಕು ಬರೆಯಿರಿ. ಸಮಿತಿಯ ಹೆಸರಿಗೆ ಬಿಟ್ಟದ್ದು ಸಮಿತಿಯಲ್ಲೇ ಉಳಿಯುತ್ತದೆ.

ಎರಡನೇ ಸೆಮಿಸ್ಟರಿನ 10ನೇ ತರಗತಿ ದಿನದಂದು ಅದೇ ಶೀಟ್ ತೆಗೆದು, ಮೊದಲ ಸೆಮಿಸ್ಟರಿನಲ್ಲಿ ಫೋನ್ ಮಾಡಿದವರ ಸಾಲುಗಳ ಎದುರು ಒಂದೇ ಕಾಲಂ ಸೇರಿಸಿ: ಇಂದು ತರಗತಿಯಲ್ಲಿ ಇದ್ದಾರೆಯೇ? ಆ ಕಾಲಂ ತುಂಬಿದ ಮೇಲೆ ಕನ್ನಡ ಮಾಧ್ಯಮ, ಪ್ರಯಾಣದ ನಿಮಿಷ, ಪ್ರವೇಶದ ದಿನಾಂಕ ಈ ಮೂರರ ಪ್ರಕಾರ ವಿಂಗಡಿಸಿ ಎಣಿಸಿ. ಮುಂದಿನ ಜೂನ್‌ನಲ್ಲಿ ಪ್ರವೇಶ ಅರ್ಜಿ ಮುದ್ರಣಕ್ಕೆ ಹೋಗುವ ಮೊದಲೇ ಪ್ರಯಾಣದ ನಿಮಿಷ ಮತ್ತು ಪಿಯುಸಿ ಮಾಧ್ಯಮದ ಎರಡು ಖಾನೆಗಳನ್ನು ಅದರಲ್ಲಿ ಸೇರಿಸಲು ಕಚೇರಿಗೆ ಪತ್ರ ಕೊಟ್ಟಿಡಿ.